ಅಕ್ಷರಗುಂಡು ಹೇಳಿದ ಮಾತು



ಇದು ಒಂದು ಸಂಜೆ ಕಲಿಕಾ ಕೇಂದ್ರದಲ್ಲಿ ನಡೆದ ಮಾತುಕತೆ. ಕಡ್ಲೆಕಾಯಿ ಕೀಳುವ ಕಾಲ. ಹಗಲೆಲ್ಲ ಹೊಲದಲ್ಲಿ ದುಡಿದವರ ಬೆರಳಿನಲ್ಲಿ ಇನ್ನೂ ಮಣ್ಣು ಇತ್ತು. ಆದರೂ ಎಲ್ಲರೂ ಪುಸ್ತಕ ಬಿಚ್ಚಿ ಕುಳಿತಿದ್ದರು.

ಒಬ್ಬ ಅಕ್ಕ ಎದ್ದು ನಿಂತು ಹೇಳಿದಳು:

“ಟೀಚರಮ್ಮ, ಇವತ್ತು ಅಂಬೇಡ್ಕರ್ ಭವನದ ಗೋಡೆ ಮೇಲಿನ ಅಕ್ಷರ ಓದಿದೆ. ‘ಬುದ್ಧ’ ಅಂತ ಐತೆ. ದ ಕೆಳಗೆ ಧ ಒತ್ತು. ಓದೋಕೆ ಬಂತು. ಆದ್ರೆ ಆತ ಯಾರು ಅಂತ ಗೊತ್ತಾಗ್ಲಿಲ್ಲ.”

“ಕಣ್ಣು ಮುಚ್ಚಿ ಕೂತವ್ನಲ್ಲ, ಅವನೇ ಕಣಕ್ಕ” ಎಂದಳು ಇನ್ನೊಬ್ಬಳು.

“ಬೈಲಕುಪ್ಪೆಗೆ ಟೂರ್ ಹೋದಾಗ ನಾವೂ ನೋಡಿದ್ವಿ. ಚಿನ್ನದ ಬಣ್ಣದ ದೊಡ್ಡ ವಿಗ್ರಹ.”

“ಆತ ಯಾವ ಜಾತಿ ದೇವರು?” ಎಂದು ಅಜ್ಜಿ ಕೇಳಿದಳು.

“ಅದೆಲ್ಲ ದೂರದ ಮಾತು. ನಮಗೂ ಆತನಿಗೂ ಏನು ಸಂಬಂಧ?” ಎಂದಳು ಬಾಗಿಲ ಬಳಿ ಕುಳಿತವಳು.

ಸಂಬಂಧ ಇದೆ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ ಒಂದು ದೊಡ್ಡ ಬಂಡೆ ಇದೆ. ಅದನ್ನು ಜನ ಅಕ್ಷರಗುಂಡು ಎಂದು ಕರೆಯುತ್ತಾ ಬಂದಿದ್ದಾರೆ. ಆ ಬಂಡೆಯ ಮೇಲೆ ಬುದ್ಧನ ದಾರಿ ಹಿಡಿದ ಒಬ್ಬ ದೊರೆಯ ಮಾತು ಇದೆ. ಅದು ನಮ್ಮಂಥವರಿಗಾಗಿಯೇ ಬರೆಸಿದ ಮಾತು. ಅದನ್ನು ತಿಳಿಯಬೇಕಾದರೆ ಮೊದಲು ಬುದ್ಧ ಯಾರು ಎಂದು ತಿಳಿಯಬೇಕು.

ಬುದ್ಧ ಯಾರು?

ಬುದ್ಧ ಒಬ್ಬ ಮನುಷ್ಯ. ನಾನು ದೇವರು ಎಂದು ಅವನು ಹೇಳಿಕೊಳ್ಳಲಿಲ್ಲ. ಅವನ ಮೊದಲ ಹೆಸರು ಸಿದ್ಧಾರ್ಥ. ಸುಮಾರು 2,500 ವರ್ಷಗಳ ಹಿಂದೆ ಲುಂಬಿನಿ ಎಂಬಲ್ಲಿ ಹುಟ್ಟಿದ. ಆ ಜಾಗ ಈಗ ನೇಪಾಳ ದೇಶದಲ್ಲಿದೆ. ತಂದೆ ಶುದ್ಧೋದನ. ಶಾಕ್ಯ ಎಂಬ ಕುಲದ ದೊರೆ. ತಾಯಿ ಮಾಯಾದೇವಿ. ಮಗು ಹುಟ್ಟಿ ಏಳು ದಿನಕ್ಕೆ ತಾಯಿ ತೀರಿಕೊಂಡಳು. ಆಗ ಆ ಮಗುವನ್ನು ಎದೆಹಾಲು ಕೊಟ್ಟು ಸಾಕಿದವಳು ಚಿಕ್ಕಮ್ಮ ಗೌತಮಿ. ಅವಳ ಹೆಸರು ನೆನಪಿಡಿ. ಅವಳ ಮಾತು ಮುಂದೆ ಬರುತ್ತದೆ.

ಸಿದ್ಧಾರ್ಥ ಸುಖದಲ್ಲಿ ಬೆಳೆದ. ಯಶೋಧರೆ ಎಂಬ ಹೆಣ್ಣಿನ ಜೊತೆ ಮದುವೆಯಾಯಿತು. ರಾಹುಲ ಎಂಬ ಮಗ ಹುಟ್ಟಿದ. ಒಂದು ಸಲ ಸಿದ್ಧಾರ್ಥ ರಥದಲ್ಲಿ ಹೊರಗೆ ಹೋದಾಗ ಒಬ್ಬ ಮುದುಕನನ್ನು ಕಂಡ. ಮತ್ತೆ ಹೋದಾಗ ಒಬ್ಬ ರೋಗಿಯನ್ನು ಕಂಡ. ಮತ್ತೊಮ್ಮೆ ಒಂದು ಹೆಣವನ್ನು ಕಂಡ. ಕೊನೆಗೆ ಶಾಂತವಾಗಿ ನಡೆದು ಹೋಗುತ್ತಿದ್ದ ಒಬ್ಬ ಸನ್ಯಾಸಿಯನ್ನು ಕಂಡ. ಮುಪ್ಪು, ರೋಗ, ಸಾವು ಯಾರನ್ನೂ ಬಿಡುವುದಿಲ್ಲ. ಹಾಗಾದರೆ ಮನುಷ್ಯನಿಗೆ ನೆಮ್ಮದಿ ಎಲ್ಲಿದೆ? ಈ ಪ್ರಶ್ನೆ ಅವನ ನಿದ್ದೆ ಕೆಡಿಸಿತು. 29ನೇ ವಯಸ್ಸಿನಲ್ಲಿ ಒಂದು ರಾತ್ರಿ ಮನೆ ಬಿಟ್ಟು ಹೊರಟ.

“ಹೆಂಡ್ತಿ, ಹಸುಗೂಸು ಬಿಟ್ಟು ಹೋದ್ನಾ? ನಮ್ಮ ಮನೆ ಗಂಡಸರು ಹಂಗೆ ಹೋದ್ರೆ ಸುಮ್ನಿರ್ತೀವಾ?” ಎಂದು ಅಜ್ಜಿ ಕೇಳಿದಳು. ಎಲ್ಲರೂ ನಕ್ಕರು.

ಆದರೆ ಇದು ನಕ್ಕು ಬಿಡುವ ಪ್ರಶ್ನೆ ಅಲ್ಲ. ಯಶೋಧರೆಯ ದುಃಖ ಸಣ್ಣದಲ್ಲ. ಕನ್ನಡದ ಹಿರಿಯ ಲೇಖಕ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಆಕೆಯ ಹೆಸರಿನಲ್ಲೇ ‘ಯಶೋಧರಾ’ ಎಂಬ ನಾಟಕ ಬರೆದಿದ್ದಾರೆ. ಬುದ್ಧನಾದ ಮೇಲೆ ಅವನು ಊರಿಗೆ ಮರಳಿ ಬಂದ. ಮಗ ರಾಹುಲ ಅವನ ಶಿಷ್ಯನಾದ. ಆದರೂ ಅಜ್ಜಿಯ ಪ್ರಶ್ನೆ ಹಾಗೇ ಇದೆ. ನೀವೂ ಯೋಚಿಸಿ.

ಮನೆ ಬಿಟ್ಟ ಸಿದ್ಧಾರ್ಥ ಆರು ವರ್ಷ ಅಲೆದ. ಊಟ ಬಿಟ್ಟು ದೇಹ ದಂಡಿಸಿದ. ಮೈ ಎಲುಬಿನ ಗೂಡಾಯಿತು. ನೆಮ್ಮದಿ ಸಿಗಲಿಲ್ಲ. ಆಗ ಸುಜಾತೆ ಎಂಬ ಹೆಣ್ಣುಮಗಳು ಹಾಲಿನ ಪಾಯಸ ತಂದುಕೊಟ್ಟಳು. ಅವನು ಉಂಡು ಚೇತರಿಸಿಕೊಂಡ. ಅತಿಯಾದ ಭೋಗವೂ ಬೇಡ, ಅತಿಯಾದ ಉಪವಾಸವೂ ಬೇಡ ಎಂಬುದು ಅವನಿಗೆ ಹೊಳೆಯಿತು. ಇದನ್ನೇ ಮಧ್ಯಮ ಮಾರ್ಗ ಎನ್ನುತ್ತಾರೆ.

ಈಗಿನ ಬಿಹಾರದ ಬೋಧಗಯೆಯಲ್ಲಿ ಒಂದು ಅರಳಿ ಮರದ ಕೆಳಗೆ ಕುಳಿತ. ಅಲ್ಲೇ ಅವನಿಗೆ ಸತ್ಯ ತಿಳಿಯಿತು. ಬುದ್ಧ ಅಂದರೆ ಎಚ್ಚರಗೊಂಡವನು, ತಿಳಿದವನು. ಆಗ ಅವನಿಗೆ 35 ವರ್ಷ. ನಮ್ಮ ಊರಿನ ಅರಳಿಕಟ್ಟೆಯ ಮರವೂ ಅದೇ ಜಾತಿಯದು.

ಅಲ್ಲಿಂದ ಬುದ್ಧ ಕಾಶಿಯ ಹತ್ತಿರದ ಸಾರನಾಥಕ್ಕೆ ಹೋಗಿ ಐದು ಜನರಿಗೆ ಮೊದಲ ಪಾಠ ಹೇಳಿದ. ಮುಂದೆ 45 ವರ್ಷ ಊರೂರು ನಡೆದ. ಜನ ಆಡುವ ಮಾತಿನಲ್ಲೇ ಹೇಳಿದ. 80ನೇ ವಯಸ್ಸಿನಲ್ಲಿ ಕುಶಿನಗರದಲ್ಲಿ ತೀರಿಕೊಂಡ.

ನಾಲ್ಕು ಸತ್ಯಗಳು

ಬುದ್ಧ ಹೇಳಿದ್ದೇನು? ಒಂದು ಉದಾಹರಣೆ ನೋಡೋಣ.

“ನೀವು ದೂರದ ಬೋರ್‌ವೆಲ್ಲಿನಿಂದ ನೀರು ಹೊತ್ತು ತಂದಿರಿ. ಮನೆಗೆ ಬರುವಷ್ಟರಲ್ಲಿ ಕೊಡ ಅರ್ಧ ಖಾಲಿ. ಏನು ಮಾಡ್ತೀರಿ?”

“ತೂತು ಎಲ್ಲೈತೆ ಅಂತ ಹುಡುಕ್ತೀವಿ.”

“ಸಿಕ್ಕಿದ ಮೇಲೆ?”

“ಎಂ-ಸೀಲ್ ಮೆತ್ತಿ ಮುಚ್ತೀವಿ.”

ಬುದ್ಧ ಹೇಳಿದ್ದೂ ಹೀಗೇ. ನೀರು ಸೋರುತ್ತಿದೆ. ಸೋರುವುದಕ್ಕೆ ತೂತು ಕಾರಣ. ತೂತು ಮುಚ್ಚಿದರೆ ಸೋರುವುದು ನಿಲ್ಲುತ್ತದೆ. ಮುಚ್ಚುವ ವಿಧಾನ ಇದೆ. ಅವನ ನಾಲ್ಕು ಸತ್ಯಗಳು ಇವು:

1. ಬದುಕಿನಲ್ಲಿ ದುಃಖ ಇದೆ.
2. ದುಃಖಕ್ಕೆ ಕಾರಣ ಇದೆ. ಆ ಕಾರಣ ತೃಷ್ಣೆ.
3. ತೃಷ್ಣೆ ಹೋದರೆ ದುಃಖ ಹೋಗುತ್ತದೆ.
4. ತೃಷ್ಣೆ ಹೋಗಲಾಡಿಸುವ ದಾರಿ ಇದೆ.

ತೃಷ್ಣೆ ಅಂದರೆ ಬಾಯಾರಿಕೆ. ಎಷ್ಟು ಕುಡಿದರೂ ಆರದ ಬಾಯಾರಿಕೆ. ಅವರ ಮನೆ ಮದುವೆಗಿಂತ ನಮ್ಮ ಮನೆ ಮದುವೆ ದೊಡ್ಡದಾಗಬೇಕು ಎಂದು ಸಾಲ ಮಾಡುತ್ತೇವೆ. ಮದುವೆ ಒಂದು ದಿನ. ಬಡ್ಡಿ ಹತ್ತು ವರ್ಷ. ಇದು ತೃಷ್ಣೆ. ಇದ್ದದ್ದು ಹಾಗೇ ಇರಬೇಕು, ಏನೂ ಬದಲಾಗಬಾರದು ಎಂದು ಹಟ ಹಿಡಿಯುವುದೂ ತೃಷ್ಣೆಯೇ. ಏಕೆಂದರೆ ಲೋಕದಲ್ಲಿ ಎಲ್ಲವೂ ಬದಲಾಗುತ್ತದೆ. ಮಳೆ ಬರುತ್ತದೆ, ಹೋಗುತ್ತದೆ. ಕೂಸು ದೊಡ್ಡದಾಗುತ್ತದೆ. ಕೂದಲು ನರೆಯುತ್ತದೆ. ಇದನ್ನು ಬುದ್ಧ ಅನಿತ್ಯ ಎಂದು ಕರೆದ.

ಆಗ ಬಾಗಿಲ ಬಳಿ ಕುಳಿತವಳು ಕೇಳಿದಳು: “ನಮಗೇನು ಆಸೆ ಟೀಚರಮ್ಮ? ಎರಡು ಹೊತ್ತು ಮುದ್ದೆ ಸಿಕ್ಕಿದ್ರೆ ಸಾಕು ಅಂತೀವಿ. ಅದೂ ತಪ್ಪಾ?”

ತಪ್ಪಲ್ಲ. ಹಸಿವು ತೃಷ್ಣೆ ಅಲ್ಲ. ಇದಕ್ಕೆ ಒಂದು ಹಳೆಯ ಬೌದ್ಧ ಕಥೆ ಇದೆ. ಆಳವಿ ಎಂಬ ಊರಿಗೆ ಬುದ್ಧ ಬಂದಿದ್ದ. ಒಬ್ಬ ಬಡ ರೈತನಿಗೆ ಅವನ ಮಾತು ಕೇಳುವ ಆಸೆ. ಆದರೆ ಅವತ್ತೇ ಅವನ ಎತ್ತು ತಪ್ಪಿಸಿಕೊಂಡಿತು. ಕಾಡೆಲ್ಲ ಹುಡುಕಿ, ಎತ್ತು ಹೊಡೆದುಕೊಂಡು ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಬುದ್ಧ ಅವನಿಗಾಗಿ ಕಾದು ಕುಳಿತಿದ್ದ. ಅವನು ಬಂದ ಕೂಡಲೇ ಉಪದೇಶ ಶುರು ಮಾಡಲಿಲ್ಲ. “ಮೊದಲು ಇವನಿಗೆ ಊಟ ಕೊಡಿ” ಎಂದ. ಅವನು ಉಂಡು ಸಮಾಧಾನ ಮಾಡಿಕೊಂಡ ಮೇಲೆ ಧರ್ಮ ಹೇಳಿದ. ಹಸಿವಿಗಿಂತ ದೊಡ್ಡ ರೋಗ ಇಲ್ಲ ಎಂಬುದು ಬುದ್ಧನ ಮಾತಿನ ತಿರುಳು.

ಆದ್ದರಿಂದ ಕೂಲಿ ಕೇಳುವುದು, ರೇಷನ್ ಕೇಳುವುದು, ಮಕ್ಕಳಿಗೆ ಶಾಲೆ ಕೇಳುವುದು ತೃಷ್ಣೆ ಅಲ್ಲ. ಬುದ್ಧನ ಹೆಸರು ಹೇಳಿ ಯಾರಾದರೂ “ಆಸೆ ಬಿಡು, ಸುಮ್ಮನಿರು” ಎಂದರೆ ಈ ಎತ್ತಿನ ಕಥೆ ಹೇಳಿ.

ಎಂಟು ಮೆಟ್ಟಿಲ ದಾರಿ

ದುಃಖ ಕಳೆಯುವ ದಾರಿಗೆ ಎಂಟು ಅಂಗಗಳು. ಇದಕ್ಕೆ ಅಷ್ಟಾಂಗ ಮಾರ್ಗ ಎಂದು ಹೆಸರು.

1. ಸರಿಯಾದ ತಿಳುವಳಿಕೆ: ಇದ್ದದ್ದನ್ನು ಇದ್ದ ಹಾಗೆ ನೋಡುವುದು.
2. ಸರಿಯಾದ ಸಂಕಲ್ಪ: ಯಾರಿಗೂ ಕೇಡು ಬಯಸದಿರುವುದು.
3. ಸರಿಯಾದ ಮಾತು: ಸುಳ್ಳು, ಚಾಡಿ, ಬೈಗುಳ ಬಿಡುವುದು.
4. ಸರಿಯಾದ ನಡತೆ: ಕೊಲ್ಲದೆ, ಕದಿಯದೆ ಬಾಳುವುದು.
5. ಸರಿಯಾದ ದುಡಿಮೆ: ಇನ್ನೊಬ್ಬರಿಗೆ ಕೆಡುಕಾಗದ ಕಸುಬು ಮಾಡುವುದು. ವಿಷ, ಹೆಂಡ, ಆಯುಧ ಮಾರುವುದು, ಮನುಷ್ಯರನ್ನು ಮಾರುವುದು ಬೇಡ.
6. ಸರಿಯಾದ ಪ್ರಯತ್ನ: ಕೆಟ್ಟದ್ದನ್ನು ಬಿಡಲು, ಒಳ್ಳೆಯದನ್ನು ಬೆಳೆಸಲು ದಿನವೂ ಶ್ರಮಿಸುವುದು.
7. ಸರಿಯಾದ ಎಚ್ಚರ: ನಾನೀಗ ಏನು ಮಾಡುತ್ತಿದ್ದೇನೆ, ಏನು ಯೋಚಿಸುತ್ತಿದ್ದೇನೆ ಎಂದು ಗಮನಿಸುವುದು.
8. ಸರಿಯಾದ ಧ್ಯಾನ: ಮನಸ್ಸನ್ನು ಒಂದು ಕಡೆ ನಿಲ್ಲಿಸುವುದು.

ಧ್ಯಾನಕ್ಕೆ ದುಡ್ಡು ಬೇಡ, ಪೂಜೆಯ ಸಾಮಾನು ಬೇಡ. ಸುಮ್ಮನೆ ಕುಳಿತು ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಗಮನಿಸಿದರೆ ಅದೇ ಶುರು.

ಮನೆಯಲ್ಲಿ ಸಂಸಾರ ಮಾಡುವವರಿಗೆ ಬುದ್ಧ ಐದು ನಿಯಮ ಹೇಳಿದ. ಇವೇ ಪಂಚಶೀಲ. ಕೊಲ್ಲಬೇಡಿ. ಕದಿಯಬೇಡಿ. ದಾಂಪತ್ಯದಲ್ಲಿ ತಪ್ಪು ನಡೆಯಬೇಡಿ. ಸುಳ್ಳು ಹೇಳಬೇಡಿ. ಅಮಲು ಸೇವಿಸಬೇಡಿ.

“ಐದನೇದು ನಮ್ಮೋರಿಗೆ ದಿನಾ ಹೇಳಿಕೊಡಿ ಟೀಚರಮ್ಮ” ಎಂದಳು ಒಬ್ಬಳು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ. ಕುಡಿದವನಿಗೆ ಎಚ್ಚರ ತಪ್ಪುತ್ತದೆ. ಎಚ್ಚರ ತಪ್ಪಿದರೆ ಉಳಿದ ನಾಲ್ಕು ನಿಯಮಗಳೂ ತಪ್ಪುತ್ತವೆ. ಇದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಾವಿಲ್ಲದ ಮನೆಯ ಸಾಸಿವೆ

ಮೂಲೆಯಲ್ಲಿ ಒಬ್ಬಾಕೆ ಕುಳಿತಿದ್ದಳು. ಹಿಂದಿನ ವರ್ಷ ಆಕೆಯ ಮಗ ತೀರಿಕೊಂಡಿದ್ದ. ಕೇಂದ್ರಕ್ಕೆ ಬರುತ್ತಿದ್ದಳು. ಸ್ಲೇಟು ಹಿಡಿಯುತ್ತಿರಲಿಲ್ಲ. ಆ ದಿನ ಎಲ್ಲರೂ ಈ ಕಥೆ ಕೇಳಿದರು.

ಕಿಸಾಗೋತಮಿ ಎಂಬ ಬಡ ತಾಯಿ. ಅವಳ ಒಬ್ಬನೇ ಮಗ ಸತ್ತುಹೋದ. ಅವಳು ಅದನ್ನು ಒಪ್ಪಲಿಲ್ಲ. ಸತ್ತ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮನೆಮನೆಗೆ ಹೋಗಿ ಔಷಧಿ ಕೇಳಿದಳು. ಜನ ಅವಳಿಗೆ ಹುಚ್ಚು ಎಂದರು. ಯಾರೋ ಬುದ್ಧನ ಬಳಿ ಕಳಿಸಿದರು.

ಬುದ್ಧ ಅವಳನ್ನು ಗದರಿಸಲಿಲ್ಲ. “ಒಂದಿಷ್ಟು ಸಾಸಿವೆ ತೆಗೆದುಕೊಂಡು ಬಾ. ಆದರೆ ಯಾರೂ ಸಾಯದ ಮನೆಯಿಂದ ತರಬೇಕು” ಎಂದ.

ಅವಳು ಆಸೆಯಿಂದ ಓಡಿದಳು. ಮೊದಲ ಮನೆಯವರು ಸಾಸಿವೆ ಕೊಡಲು ಬಂದರು. “ನಿಮ್ಮ ಮನೆಯಲ್ಲಿ ಯಾರಾದರೂ ಸತ್ತಿದ್ದಾರಾ?” ಎಂದು ಕೇಳಿದಳು. ಅಪ್ಪ ಸತ್ತಿದ್ದ. ಎರಡನೇ ಮನೆಯಲ್ಲಿ ಸೊಸೆ. ಮೂರನೇ ಮನೆಯಲ್ಲಿ ಮಗಳು. ಊರೆಲ್ಲ ಸುತ್ತಿದಳು. ಸಾಸಿವೆ ಎಲ್ಲ ಮನೆಯಲ್ಲೂ ಇತ್ತು. ಸಾವಿಲ್ಲದ ಮನೆ ಒಂದೂ ಇರಲಿಲ್ಲ. ಸಂಜೆ ಅವಳು ಮಗುವನ್ನು ಮಣ್ಣಿಗೆ ಕೊಟ್ಟು ಬುದ್ಧನ ಬಳಿ ಬಂದಳು. ಮುಂದೆ ಭಿಕ್ಷುಣಿಯಾದಳು.

ಕಥೆ ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಮೂಲೆಯಲ್ಲಿದ್ದಾಕೆ ಮೆಲ್ಲಗೆ ಹೇಳಿದಳು: “ಆವಮ್ಮ ನಮ್ಮನೆಗೆ ಬಂದಿದ್ರೂ ಸಾಸಿವೆ ಸಿಗ್ತಿರಲಿಲ್ಲ.”

“ನಮ್ಮನೇಲೂ ಸಿಗ್ತಿರಲಿಲ್ಲ ಕಣವ್ವ. ನಂದು ಎರಡು ಹೋದ್ವು” ಎಂದು ಅಜ್ಜಿ ಅವಳ ಪಕ್ಕ ಸರಿದು ಕುಳಿತಳು.

ದುಃಖ ನನಗೊಬ್ಬಳಿಗೇ ಅಲ್ಲ ಎಂದು ತಿಳಿಯುವುದೇ ಸಮಾಧಾನದ ಮೊದಲ ಮೆಟ್ಟಿಲು. ಹಾಗೆ ತಿಳಿದಾಗ ಇನ್ನೊಬ್ಬರ ಮೇಲೆ ಕರುಣೆ ಹುಟ್ಟುತ್ತದೆ. ಕರುಣೆಯೇ ಬುದ್ಧನ ಧರ್ಮದ ಬೇರು.

ಸ್ವಲ್ಪ ಹೊತ್ತಿನ ಮೇಲೆ ಆಕೆ ಸ್ಲೇಟು ಕೇಳಿದಳು. “ಸಾಸಿವೆ ಅಂತ ಹೆಂಗೆ ಬರೆಯೋದು?” ಎಂದಳು.

ಸಂಘದಲ್ಲಿ ಯಾರಿಗೆ ಜಾಗ?

ಬುದ್ಧನ ದಾರಿ ಹಿಡಿದು ಮನೆ ಬಿಟ್ಟವರ ಗುಂಪಿಗೆ ಸಂಘ ಎಂದು ಹೆಸರು. ಗಂಡಸರು ಭಿಕ್ಷುಗಳು. ಹೆಂಗಸರು ಭಿಕ್ಷುಣಿಯರು. ಬುದ್ಧ, ಧಮ್ಮ, ಸಂಘ: ಈ ಮೂರಕ್ಕೆ ಶರಣು ಹೋಗುವುದು ಬೌದ್ಧರ ಪದ್ಧತಿ. ಧಮ್ಮ ಅಂದರೆ ಧರ್ಮ, ಬುದ್ಧ ಹೇಳಿದ ದಾರಿ.

ಸಂಘದೊಳಗೆ ಜಾತಿ ಕೇಳುತ್ತಿರಲಿಲ್ಲ. ಉಪಾಲಿ ಎಂಬುವನು ಕ್ಷೌರಿಕ. ಶಾಕ್ಯ ರಾಜಕುಮಾರರ ಜೊತೆ ಅವನೂ ಸಂಘ ಸೇರಲು ಬಂದ. ಆಗ ರಾಜಕುಮಾರರೇ ಬುದ್ಧನಿಗೆ ಹೇಳಿದರು: “ಇವನನ್ನು ಮೊದಲು ಸೇರಿಸಿಕೊಳ್ಳಿ. ಆಗ ನಾವು ಇವನಿಗೆ ಕೈ ಮುಗಿಯಬೇಕಾಗುತ್ತದೆ. ನಮ್ಮ ಅಹಂಕಾರ ಇಳಿಯುತ್ತದೆ.” ಹಾಗೇ ಆಯಿತು. ಮುಂದೆ ಸಂಘದ ನಿಯಮಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಎಂದು ಉಪಾಲಿ ಹೆಸರಾದ.

ಹೆಂಗಸರಿಗೆ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಬುದ್ಧನನ್ನು ಸಾಕಿದ ಚಿಕ್ಕಮ್ಮ ಗೌತಮಿ ನೆನಪಿದ್ದಾಳಲ್ಲವೇ? ಗಂಡ ತೀರಿಕೊಂಡ ಮೇಲೆ ಅವಳು ಸಂಘ ಸೇರುತ್ತೇನೆ ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಬುದ್ಧ ಬೇಡ ಎಂದ. ಅವಳು ಬಿಡಲಿಲ್ಲ. ತಲೆ ಬೋಳಿಸಿಕೊಂಡು, ಅನೇಕ ಹೆಂಗಸರನ್ನು ಕೂಡಿಕೊಂಡು, ವೈಶಾಲಿ ನಗರದವರೆಗೆ ನಡೆದಳು. ಕಾಲು ಊದಿಕೊಂಡವು. ಮೈಯೆಲ್ಲ ಧೂಳು. ಬಾಗಿಲಲ್ಲಿ ಅಳುತ್ತಾ ನಿಂತಳು. ಬುದ್ಧನ ಶಿಷ್ಯ ಆನಂದ ಅವಳನ್ನು ನೋಡಿ ಒಳಗೆ ಹೋಗಿ ಕೇಳಿದ: “ಹೆಂಗಸರು ಪ್ರಯತ್ನ ಮಾಡಿದರೆ ಕೊನೆಯ ಗುರಿ ಮುಟ್ಟುವುದು ಸಾಧ್ಯವೋ ಇಲ್ಲವೋ?” ಸಾಧ್ಯ ಎಂದು ಬುದ್ಧ ಒಪ್ಪಿಕೊಂಡ. ಹೀಗೆ ಭಿಕ್ಷುಣಿಯರ ಸಂಘ ಹುಟ್ಟಿತು.

ಆದರೆ ಅವರಿಗೆ ಎಂಟು ಹೆಚ್ಚಿನ ಕಟ್ಟಳೆ ಹಾಕಲಾಯಿತು. ಭಿಕ್ಷುಣಿ ಎಷ್ಟೇ ಹಿರಿಯಳಾದರೂ ಹೊಸದಾಗಿ ಬಂದ ಭಿಕ್ಷುವಿಗೆ ನಮಸ್ಕರಿಸಬೇಕು ಎಂಬುದು ಅದರಲ್ಲಿ ಒಂದು. ಇದು ಸರಿಯೇ ಎಂದು ಬೌದ್ಧರಲ್ಲೇ ಇಂದಿಗೂ ಚರ್ಚೆ ನಡೆಯುತ್ತಿದೆ.

ಆ ಕಾಲದ ಭಿಕ್ಷುಣಿಯರು ಹಾಡು ಕಟ್ಟಿದರು. ಆ ಹಾಡುಗಳು ‘ಥೇರಿಗಾಥಾ’ ಎಂಬ ಪಾಳಿ ಭಾಷೆಯ ಪುಸ್ತಕದಲ್ಲಿ ಉಳಿದಿವೆ. ಹೆಂಗಸರ ಹಾಡುಗಳ ಸಂಗ್ರಹಗಳಲ್ಲಿ ಲೋಕದಲ್ಲೇ ಬಹಳ ಹಳೆಯದು ಅದು. ಅದರಲ್ಲಿ ಪುಣ್ಣಿಕಾ ಎಂಬ ನೀರು ಹೊರುವ ದಾಸಿಯ ಹಾಡೂ ಇದೆ. ಚಳಿಯಲ್ಲಿ ನಡುಗುತ್ತಾ ನದಿಯಲ್ಲಿ ಮುಳುಗುತ್ತಿದ್ದ ಒಬ್ಬ ಪಂಡಿತನನ್ನು ಅವಳು ಪ್ರಶ್ನೆ ಮಾಡಿದಳು. ನೀರಿನಲ್ಲಿ ಮುಳುಗಿದರೆ ಪಾಪ ಹೋಗುವುದಾದರೆ ಕಪ್ಪೆ, ಮೀನುಗಳಿಗೆಲ್ಲ ಸ್ವರ್ಗ ಸಿಗಬೇಕಲ್ಲ ಎಂಬುದು ಅವಳ ವಾದ. ಪಂಡಿತ ಒಪ್ಪಿಕೊಂಡ. ನೀರು ಹೊರುವವಳು ಪಂಡಿತನಿಗೆ ಪಾಠ ಹೇಳಿದಳು!

ಅಕ್ಷರಗುಂಡು

ಈಗ ನಮ್ಮ ಬಂಡೆಯ ಕಡೆಗೆ ಬರೋಣ. ಬುದ್ಧ ನಮ್ಮ ಕಡೆಗೆ ಬಂದವನಲ್ಲ. ಹಾಗಾದರೆ ಅವನ ಮಾತು ಇಲ್ಲಿಗೆ ಹೇಗೆ ಬಂತು?

ಬುದ್ಧ ತೀರಿಕೊಂಡು ಬಹಳ ಕಾಲದ ಮೇಲೆ ಅಶೋಕ ಎಂಬ ದೊರೆ ಆಳುತ್ತಿದ್ದ. ಅವನು ಕಳಿಂಗದ ಮೇಲೆ ಯುದ್ಧ ಮಾಡಿದ. ಕಳಿಂಗ ಅಂದರೆ ಈಗಿನ ಒಡಿಶಾದ ಕಡೆ. ಆ ಯುದ್ಧದಲ್ಲಿ 1 ಲಕ್ಷ ಜನ ಸತ್ತರು, 1.5 ಲಕ್ಷ ಜನ ಸೆರೆಯಾದರು ಎಂದು ಅಶೋಕನೇ ಕಲ್ಲಿನಲ್ಲಿ ಬರೆಸಿದ್ದಾನೆ. ಗೆದ್ದ ಮೇಲೂ ಅವನಿಗೆ ಸಂತೋಷವಾಗಲಿಲ್ಲ. ದುಃಖವಾಯಿತು. ಅವನು ಬುದ್ಧನ ದಾರಿ ಹಿಡಿದ. ಒಳ್ಳೆಯ ಮಾತುಗಳನ್ನು ದೇಶದ ತುಂಬಾ ಬಂಡೆಗಳ ಮೇಲೆ, ಕಂಬಗಳ ಮೇಲೆ ಬರೆಸಿದ. ಕರ್ನಾಟಕದಲ್ಲೂ ಹಲವು ಕಡೆ ಅವು ಸಿಕ್ಕಿವೆ.

ಶಿರಾದವರಿಗೆ ಹಿರಿಯೂರು ಗೊತ್ತು. ಪಾವಗಡದವರಿಗೆ ಚಳ್ಳಕೆರೆ ಗೊತ್ತು. ಅಲ್ಲಿಂದ ಬಳ್ಳಾರಿ ಕಡೆಗೆ ಹೋದರೆ ಮೊಳಕಾಲ್ಮೂರು ತಾಲ್ಲೂಕು ಸಿಗುತ್ತದೆ. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರು ಅದು. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಎಂಬ ವಿದ್ವಾಂಸರು ಅವುಗಳನ್ನು ಪತ್ತೆ ಮಾಡಿದರು. ಬ್ರಹ್ಮಗಿರಿಯ ಬಂಡೆಯೇ ಅಕ್ಷರಗುಂಡು. ಅದರ ಬರಹಕ್ಕೆ 2,200 ವರ್ಷಕ್ಕೂ ಹೆಚ್ಚು ವಯಸ್ಸು.

ಅದು ಕನ್ನಡ ಅಲ್ಲ. ಭಾಷೆ ಪ್ರಾಕೃತ. ಲಿಪಿ ಬ್ರಾಹ್ಮಿ. ಆದರೆ ನಮ್ಮ ಕನ್ನಡ ಅಕ್ಷರಗಳು ಬ್ರಾಹ್ಮಿಯಿಂದಲೇ ಬೆಳೆದು ಬಂದವು. ಬ್ರಾಹ್ಮಿಯಲ್ಲಿ ‘ಕ’ ಬರೆಯುವುದು ತುಂಬಾ ಸುಲಭ. ಲೆಕ್ಕದಲ್ಲಿ ಕೂಡುವ ಗುರುತು ಹಾಕುತ್ತೇವಲ್ಲ, ಹಾಗೆ ಎರಡು ಗೆರೆ ಎಳೆದರೆ ‘ಕ’.

ಆ ಬಂಡೆ ಏನು ಹೇಳುತ್ತದೆ? ಮೊದಲು ಇಸಿಲ ಎಂಬ ಊರಿನ ಅಧಿಕಾರಿಗಳ ಆರೋಗ್ಯ ಕೇಳುತ್ತದೆ. ನಾವು ಕಾಗದ ಬರೆಯುವಾಗ ಕ್ಷೇಮ ಕೇಳುವ ಹಾಗೆ! ಆಮೇಲೆ ದೊರೆ ತನ್ನ ವಿಷಯ ಹೇಳುತ್ತಾನೆ. ನಾನು ಬುದ್ಧನ ಭಕ್ತನಾದರೂ ಒಂದು ವರ್ಷ ಹೆಚ್ಚು ಪ್ರಯತ್ನ ಮಾಡಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಈಗ ಪ್ರಯತ್ನ ಮಾಡುತ್ತಿದ್ದೇನೆ, ಅದರ ಫಲ ಸಿಕ್ಕಿದೆ ಎನ್ನುತ್ತಾನೆ. ಈ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಚಿಕ್ಕವರೂ ಪ್ರಯತ್ನಪಟ್ಟರೆ ಪಡೆಯಬಹುದು ಎಂದು ಸಾರುತ್ತಾನೆ. ಅಪ್ಪ ಅಮ್ಮನ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು ಎಂದೂ ಇದೆ.

ಕೊನೆಯಲ್ಲಿ ಒಂದು ಹೆಸರಿದೆ. ಚಪಡ. ಅವನು ದೊರೆಯಲ್ಲ. ಅಕ್ಷರ ಬರೆದ ಲಿಪಿಕಾರ. ತನ್ನ ಕೆಲಸಕ್ಕೆ ತಾನೇ ರುಜು ಹಾಕಿದ್ದಾನೆ. ಹೆಬ್ಬೆಟ್ಟು ಬಿಟ್ಟು ರುಜು ಕಲಿತ ನಮಗೆ ಇದರ ಬೆಲೆ ಗೊತ್ತು.

ರಾಗಿ ಒಂದೇ, ಅಡುಗೆ ಹಲವು

ಬುದ್ಧನ ಧರ್ಮ ದೇಶ ದೇಶಕ್ಕೆ ಹರಡಿತು. ಹೋದ ಕಡೆಯೆಲ್ಲ ಬೇರೆ ಬೇರೆ ರೂಪ ಪಡೆಯಿತು. ರಾಗಿ ಒಂದೇ ಆದರೂ ಮುದ್ದೆ, ರೊಟ್ಟಿ, ಅಂಬಲಿ ಬೇರೆ ಬೇರೆ ಅಲ್ಲವೇ? ಹಾಗೆ.

ಥೇರವಾದ: ಇದು ಹಿರಿಯರ ದಾರಿ. ಪಾಳಿ ಭಾಷೆಯ ಹಳೆಯ ಪುಸ್ತಕಗಳನ್ನು ನಂಬಿದವರು. ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್ ದೇಶಗಳಲ್ಲಿ ಹೆಚ್ಚು. ಬೆಂಗಳೂರಿನ ಗಾಂಧಿನಗರದಲ್ಲಿರುವ ಮಹಾಬೋಧಿ ಸೊಸೈಟಿ ಈ ಪಂಥದ್ದು. ಆಚಾರ್ಯ ಬುದ್ಧರಕ್ಖಿತ ಅವರು ಅದನ್ನು 1956ರಲ್ಲಿ ಸ್ಥಾಪಿಸಿದರು.

ಮಹಾಯಾನ: ಇದು ದೊಡ್ಡ ಬಂಡಿ. ನಾನೊಬ್ಬನೇ ದಡ ಸೇರಿದರೆ ಸಾಲದು, ಎಲ್ಲರನ್ನೂ ದಾಟಿಸಬೇಕು ಎನ್ನುವವನು ಬೋಧಿಸತ್ವ. ಅವನೇ ಇವರ ಆದರ್ಶ. ಚೀನಾ, ಜಪಾನ್, ಕೊರಿಯಾ, ವಿಯೆಟ್ನಾಂ ದೇಶಗಳಲ್ಲಿ ಹೆಚ್ಚು.

ವಜ್ರಯಾನ: ಮಹಾಯಾನದಿಂದ ಬೆಳೆದದ್ದು. ಮಂತ್ರ, ಗುರುವಿನ ದೀಕ್ಷೆ, ತಾರಾ ಮುಂತಾದ ದೇವತೆಗಳ ಪೂಜೆ ಇದೆ. ಟಿಬೆಟ್, ಭೂತಾನ್, ಲಡಾಖ್‌ಗಳಲ್ಲಿ ಹೆಚ್ಚು. 1959ರಲ್ಲಿ ದಲೈಲಾಮಾ ಅವರು ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಅವರಿಗೆ ನಮ್ಮ ರಾಜ್ಯ ಜಾಗ ಕೊಟ್ಟಿತು. ಬೈಲಕುಪ್ಪೆ, ಮುಂಡಗೋಡಿನಲ್ಲಿ ಅವರು ನೆಲೆಸಿದ್ದಾರೆ. ನೀವು ಟೂರ್‌ನಲ್ಲಿ ನೋಡಿದ ಚಿನ್ನದ ಬಣ್ಣದ ವಿಗ್ರಹ ಅವರದೇ.

ನಮ್ಮ ನಾಡಿನಲ್ಲೂ ಬೌದ್ಧರು ಬಹಳ ಕಾಲ ಬಾಳಿದರು. ಮಧುಗಿರಿ, ಕೊರಟಗೆರೆಯವರಿಗೆ ದೊಡ್ಡಬಳ್ಳಾಪುರ ಗೊತ್ತು. ಆ ತಾಲ್ಲೂಕಿನ ರಾಜಘಟ್ಟದಲ್ಲಿ 2001ರಲ್ಲಿ ನೆಲ ಅಗೆದಾಗ ಬೌದ್ಧರ ಪೂಜಾಸ್ಥಳದ ಗೋಡೆಗಳು ಸಿಕ್ಕವು. ಹರಕೆಯ ಪುಟ್ಟ ಪುಟ್ಟ ಮಣ್ಣಿನ ಸ್ತೂಪಗಳೂ ಸಿಕ್ಕವು. ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಅವನ ಶಿಲ್ಪವೇ ಸಿಕ್ಕಿದೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಸುಮಾರು 950 ವರ್ಷಗಳ ಹಿಂದೆ ನಾಗಿಯಕ್ಕ ಎಂಬ ಹೆಣ್ಣುಮಗಳು ತಾರಾ ದೇವಿಯ ವಿಗ್ರಹ ಮಾಡಿಸಿದಳು ಎಂದು ಶಾಸನ ಹೇಳುತ್ತದೆ. ಆಮೇಲೆ ನಿಧಾನವಾಗಿ ಬೌದ್ಧರು ನಮ್ಮ ನಾಡಿನಲ್ಲಿ ಮರೆಯಾದರು.

ಮತ್ತೆ ಬುದ್ಧನ ಹೆಸರನ್ನು ನಮ್ಮ ಕೇರಿಗಳಿಗೆ ತಂದವರು ಡಾ. ಬಿ.ಆರ್. ಅಂಬೇಡ್ಕರ್. ಮನುಷ್ಯರನ್ನು ಮುಟ್ಟಬಾರದು ಎನ್ನುವ ಪದ್ಧತಿಯಿಂದ ಅವರು ನೊಂದಿದ್ದರು. ಸಮಾನತೆ ಇರುವ ಧರ್ಮಕ್ಕಾಗಿ ಬಹಳ ವರ್ಷ ಓದಿ, ಯೋಚಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧ ಧರ್ಮ ಸ್ವೀಕರಿಸಿದರು. ಈ ದಾರಿಗೆ ನವಯಾನ ಎಂದು ಹೆಸರು. ಭವನದ ಗೋಡೆಯ ಮೇಲೆ ಅಂಬೇಡ್ಕರ್ ಪಕ್ಕದಲ್ಲಿ ಬುದ್ಧ ಏಕೆ ಇದ್ದಾನೆ ಎಂದು ಈಗ ತಿಳಿಯಿತಲ್ಲವೇ?

ನೀವೇ ನೋಡಿ ಒಪ್ಪಿಕೊಳ್ಳಿ

ಈ ಪಾಠ ಯಾರಿಗೂ ಮತ ಬದಲಿಸಿ ಎಂದು ಹೇಳುವುದಿಲ್ಲ. ಬುದ್ಧನೂ ಒತ್ತಾಯ ಮಾಡಲಿಲ್ಲ. ಕೇಸಪುತ್ತ ಎಂಬ ಊರಿನ ಜನ ಅವನನ್ನು ಕೇಳಿದರು: “ಬರುವ ಗುರುಗಳೆಲ್ಲ ತಮ್ಮ ಮಾತೇ ಸರಿ ಅನ್ನುತ್ತಾರೆ. ನಾವು ಯಾರನ್ನು ನಂಬೋಣ?” ಹಿಂದಿನಿಂದ ಬಂದಿದೆ ಎಂದು ನಂಬಬೇಡಿ, ಪುಸ್ತಕದಲ್ಲಿದೆ ಎಂದು ನಂಬಬೇಡಿ, ಗುರು ಹೇಳಿದ ಎಂದೂ ನಂಬಬೇಡಿ ಎಂದು ಬುದ್ಧ ತಿಳಿಸಿದ. ನೀವೇ ಪರೀಕ್ಷಿಸಿ. ಅದರಿಂದ ಕೆಡುಕಾದರೆ ಬಿಡಿ. ನಿಮಗೂ ಇತರರಿಗೂ ಒಳಿತಾದರೆ ಹಿಡಿಯಿರಿ.

ಪರೀಕ್ಷೆ ಮಾಡಬೇಕಾದರೆ ಓದಲು ಬರಬೇಕು. ಸಾಲದ ಚೀಟಿ ಇರಲಿ, ಔಷಧಿ ಬಾಟಲಿ ಇರಲಿ, ಧರ್ಮದ ಪುಸ್ತಕ ಇರಲಿ, ಇನ್ನು ನೀವೇ ಓದಿ ನೋಡಬಹುದು.

“ಚಿಕ್ಕವರೂ ಪ್ರಯತ್ನಪಟ್ಟರೆ ಆಗ್ತದೆ ಅಂತ ಕಲ್ಲಿನ ಮೇಲೆ ಬರೆಸವ್ನಾ?” ಎಂದು ಅಜ್ಜಿ ಮತ್ತೆ ಕೇಳಿದಳು. “ಹಂಗಾದ್ರೆ ಒಂದ್ಸಲ ಬಸ್ ಮಾಡ್ಕೊಂಡು ಹೋಗಿ ನೋಡ್ಬೇಕು.”

ಪದಗಳ ಅರ್ಥ

ತೃಷ್ಣೆ – ಆರದ ಆಸೆ
ಅನಿತ್ಯ – ಸದಾ ಹಾಗೇ ಉಳಿಯದ್ದು
ಶಾಸನ – ಕಲ್ಲಿನ ಮೇಲಿನ ಬರಹ
ಲಿಪಿಕಾರ – ಅಕ್ಷರ ಬರೆಯುವವನು
ಸ್ತೂಪ – ಬೌದ್ಧರು ಪೂಜಿಸುವ ಗುಮ್ಮಟದ ಆಕಾರದ ಕಟ್ಟಡ
ಪಂಥ – ಒಂದು ಧರ್ಮದೊಳಗಿನ ಗುಂಪು

ಓದಿ, ಬರೆಯಿರಿ

1. ಬುದ್ಧ ಹೇಳಿದ ನಾಲ್ಕು ಸತ್ಯಗಳು ಯಾವುವು?
2. ಪಂಚಶೀಲದ ಐದು ನಿಯಮಗಳನ್ನು ಬರೆಯಿರಿ.
3. ಅಕ್ಷರಗುಂಡು ಯಾವ ತಾಲ್ಲೂಕಿನಲ್ಲಿದೆ? ಅದರ ಕೊನೆಯಲ್ಲಿ ಯಾರ ಹೆಸರಿದೆ?

ಸೇರಿ ಮಾತಾಡಿ

1. ಸಿದ್ಧಾರ್ಥ ಮನೆ ಬಿಟ್ಟು ಹೋದದ್ದು ಸರಿಯೇ? ಯಶೋಧರೆಯ ಜಾಗದಲ್ಲಿ ನೀವಿದ್ದರೆ ಏನು ಕೇಳುತ್ತಿದ್ದಿರಿ?
2. ನಮ್ಮ ಮನೆಯಲ್ಲಿ ತೃಷ್ಣೆಯಿಂದ ಆದ ಸಾಲ ಯಾವುದು? ಅಗತ್ಯಕ್ಕೆ ಆದ ಸಾಲ ಯಾವುದು?
3. ನಿಮ್ಮ ಊರಿನಲ್ಲಿ ಹಳೆಯ ಅಕ್ಷರ ಇರುವ ಕಲ್ಲು ಇದೆಯೇ? ಹೋಗಿ ನೋಡಿ. ಅದರ ಮೇಲೆ ಬಟ್ಟೆ ಒಗೆಯದಂತೆ, ಸುಣ್ಣ ಬಳಿಯದಂತೆ ಊರಿನವರಿಗೆ ಹೇಳಿ.